ಇಬ್ರಿಯ ಮನೆಗೆ ಬೀಗ

ಸ್ಟ್ಯಾನ್ಮೋರ್, ಲಂಡನ್
4 ಮೇ 2025

ಚಿ. ರತ್ನವ್ವನಿಗೆ ವತ್ಸಲಾ ಮಾಡುವ ಆಶೀರ್ವಾದಗಳು.

ನಾನು ಇಬ್ರಿ ಬಿಟ್ಟು ಮಗಳ ಮನೆಗೆ ಬಂದು ಏಳು ತಿಂಗಳಾಯಿತು. ಜಾಹ್ನವಿ ನನ್ನ ಕಿವಿಗೆ ಹೊಸ ಮಿಷನ್ ಹಾಕಿಸಿದ್ದಾಳೆ. ಅದರಲ್ಲಿ ಪಾತ್ರೆ ಬಿದ್ದ ಸದ್ದು ಕೇಳುತ್ತದೆ, ಬಸ್ಸಿನ ಬ್ರೇಕು ಕೇಳುತ್ತದೆ, ಮನುಷ್ಯರ ಮಾತು ಮಾತ್ರ ಕೇಳುವುದಿಲ್ಲ. ಹೋದ ವಾರ ನೀನು ಫೋನ್ ಮಾಡಿದಾಗ ಹೂಂ ಹೂಂ ಅಂದೆನಲ್ಲ, ಒಂದಕ್ಷರವೂ ತಿಳಿದಿರಲಿಲ್ಲ. ಇನ್ನು ಮೇಲೆ ನಾವಿಬ್ಬರೂ ಬರೆದೇ ಮಾತಾಡೋಣ. ಮಧ್ಯಾಹ್ನದ ಹೊತ್ತು ಕೂರಿಸಿಕೊಂಡು ನಿನಗೆ ಬರೆಯಲು ಕಲಿಸಿದ್ದು ಈಗ ನನ್ನ ಉಪಯೋಗಕ್ಕೇ ಬಂತು. ಕಾಗದವನ್ನು ಮೂಲೆ ಅಂಗಡಿ ಗೋಪೀನಾಥರ ಪೋಸ್ಟ್ ಬಾಕ್ಸಿಗೆ ಕಳಿಸುತ್ತೇನೆ. ಅವರೇ ನಿನಗೆ ತಲುಪಿಸುತ್ತಾರೆ.

ಮಗ ಅಭಿಜಿತ್, ಸೊಸೆ ಸಿರಿಶಾ ಇಬ್ಬರೂ ಜೂನ್ ಹದಿನಾಲ್ಕಕ್ಕೆ ಇಲ್ಲಿಗೆ ಬರುತ್ತಾರಂತೆ. ಆಗಸ್ಟ್ ಮುಗಿಯುವವರೆಗೆ ಇರುತ್ತಾರಂತೆ. ನಾನು ಬಂದ ಮೇಲೆ ಆ ಮನೆ ಖಾಲಿ ಬೀಳುವುದು ಇದೇ ಮೊದಲು. ಒಂಬತ್ತು ಬೇಸಿಗೆ ನಾವಿಬ್ಬರೂ ಸೇರಿ ಅದನ್ನು ಮುಚ್ಚಿದ್ದೇವೆ. ಈ ಸಲ ನೀನೊಬ್ಬಳೇ ಮುಚ್ಚಬೇಕು. ಮರಳುಗಾಡಿನ ಮನೆ ನಮ್ಮ ಕಡೆಯ ಮನೆಯಂತಲ್ಲ, ಬೀಗ ಹಾಕಿ ಹೋದರೆ ಅದು ಒಳಗೊಳಗೇ ಬೇಯುತ್ತದೆ. ನಿನಗೆ ಗೊತ್ತಿದ್ದರೂ ಮೇಷ್ಟರ ಚಟ, ಹೇಳುತ್ತೇನೆ.

ಬಚ್ಚಲ ಮೋರಿಗಳಿಗೆಲ್ಲ ನೀರು ಹೊಯ್ದು, ಮೇಲೆ ಎರಡು ಚಮಚ ಅಡುಗೆ ಎಣ್ಣೆ ಹಾಕು. ಎಣ್ಣೆ ಇದ್ದರೆ ನೀರು ಆರುವುದಿಲ್ಲ, ಜಿರಳೆ ಮೇಲೆ ಬರುವುದಿಲ್ಲ. ಪಡುವಣ ಕಿಟಕಿಗಳ ಸಂದಿಗೆ ಟೇಪ್ ಅಂಟಿಸು. ಹೋದ ವರ್ಷ ಅದೊಂದು ಬಿಟ್ಟಿದ್ದಕ್ಕೆ ದಿವಾನ್ ಮೇಲೆ ಬೆರಳುದ್ದ ಮರಳು ಕೂತಿತ್ತು. ಫ್ರಿಜ್ ಒರೆಸಿ, ಬಾಗಿಲ ನಡುವೆ ಮರದ ತುಂಡು ಇಡು. ಕೊನೆಯ ದಿನ ಮಾಳಿಗೆ ಮೇಲಿನ ಟ್ಯಾಂಕ್ ಪೂರ್ತಿ ಖಾಲಿ ಮಾಡು. ನಿಂತ ನೀರು ಕುದಿದು ಪೈಪು ಒಡೆದರೆ ಯಾರೂ ನೋಡುವವರಿಲ್ಲ.

ಮುಗಿಸಿ ನೀನು ಊರಿಗೆ ಹೊರಡು. ಸೌಜನ್ಯಾಳಿಗೆ ಜುಲೈ ಕೊನೆಗೆ ದಿನ ತುಂಬುತ್ತದಲ್ಲವೇ? ಚೊಚ್ಚಲು. ತವರಿನಲ್ಲಿ ತಾಯಿ ಇರಲೇಬೇಕು. ಟಿಕೆಟ್ ಯಾವ ದಿನದ್ದು ಅಂತ ಬರೆ.

ವತ್ಸಲಾ


ಇಬ್ರಿ, ಒಮಾನ್
26 ಮೇ 2025

ಅಕ್ಕೋರಿಗೆ ರತ್ನವ್ವನ ಶರಣಾರ್ಥಿ.

ನಿಮ್ಮ ಪತ್ರ ಬಂತು. ಗೋಪೀನಾಥ ಅವರು ಅಂಗಡಿಯಲ್ಲಿ ಗಿರಾಕಿಗಳ ಮುಂದೆಯೇ, "ರತ್ನವ್ವಂಗೆ ಲಂಡನ್ನಿಂದ ಕಾಗದ ಬಂದಿದೆ ಮಾರಾಯ್ರೆ" ಎಂದು ಎಲ್ಲರಿಗೂ ತೋರಿಸಿದರು. ನನಗೆ ನಾಚಿಕೆಯೂ ಆಯಿತು, ಸಂತೋಷವೂ ಆಯಿತು. ಮಾತಾಡಿದ ಹಾಗೆ ಬರೆಯಬಾರದು, ಪುಸ್ತಕದಲ್ಲಿ ಇದ್ದ ಹಾಗೆ ಬರೆಯಬೇಕು ಎಂದು ನೀವು ಕಲಿಸಿದ್ದೀರಿ. ಹಾಗೆಯೇ ಬರೆಯುತ್ತಿದ್ದೇನೆ. ತಪ್ಪಿದ್ದರೆ ಕೆಂಪು ಗೆರೆ ಹಾಕಿ ಕಳಿಸಿ.

ಕೆಲಸ ಶುರು ಮಾಡಿದ್ದೇನೆ. ಜಮಖಾನೆಗಳನ್ನು ಬಿಸಿಲಿಗೆ ಹಾಕಿ, ಜಾಡಿಸಿ, ಸುರುಳಿ ಸುತ್ತಿ ಹಳೆ ಸೀರೆಯಲ್ಲಿ ಕಟ್ಟಿದೆ. ಸೋಫಾಕ್ಕೆ ಹಾಸಿಗೆ ಬಟ್ಟೆ ಹೊದಿಸಿದೆ. ಕಿಟಕಿಗೆ ಟೇಪ್ ಹಾಕಲು ಮೂರು ದಿನ ಹಿಡಿಯಿತು. ನಿಮ್ಮ ವೀಣೆಯನ್ನು ಜಾಹ್ನವಿ ಅಕ್ಕಾರ ಹಳೆ ಕೋಣೆಯಲ್ಲಿ ಗೋಡೆಗೆ ತಾಗದ ಹಾಗೆ ಇಟ್ಟಿದ್ದೇನೆ. ಹೊರಗೆ ಈಗಲೇ ನಲವತ್ತಾರು ಡಿಗ್ರಿ ಎಂದು ಗೋಪೀನಾಥ ಅವರು ಹೇಳಿದರು.

ಈ ಸಲ ಅಭಿಜಿತ್ ಅಣ್ಣಾರು ಗೋಡೆ ಮೇಲಿನ ಫೋಟೋಗಳನ್ನೂ ತೆಗೆಸಿ ಪೆಟ್ಟಿಗೆಗೆ ಹಾಕಿಸಿದರು. ಸಿರಿಶಾ ಅಕ್ಕಾರು ತಮ್ಮ ಓದಿನ ಸರ್ಟಿಫಿಕೇಟುಗಳನ್ನೆಲ್ಲ ಬೇರೆ ಚೀಲದಲ್ಲಿ ಇಟ್ಟುಕೊಂಡರು. ಎರಡು ತಿಂಗಳಿಗೆ ಇವೆಲ್ಲ ಏಕೆ ಎಂದು ನಾನು ಕೇಳಲಿಲ್ಲ.

ನನ್ನ ಟಿಕೆಟ್ ಇನ್ನೂ ತೆಗೆದಿಲ್ಲ. ಈ ದೇಶದಲ್ಲಿ ಇರಲು ಕೊಡುವ ನನ್ನ ಕಾರ್ಡಿನ ಕೆಲಸ ಏನೋ ಇದೆಯಂತೆ, ಪಾಸ್‌ಪೋರ್ಟ್ ಅಣ್ಣಾರ ಆಫೀಸಿನಲ್ಲಿದೆಯಂತೆ. "ಆಗ್ತದೆ ರತ್ನವ್ವ, ಆಗ್ತದೆ" ಅನ್ನುತ್ತಾರೆ. ಅಣ್ಣಾರು ಮಾಡುತ್ತಾರೆ. ಹನ್ನೊಂದು ವರ್ಷದಲ್ಲಿ ಅವರು ಹೇಳಿದ್ದು ತಪ್ಪಿದ್ದಿಲ್ಲ. ಸೌಜನ್ಯಾ ಫೋನಿನಲ್ಲಿ ಅಳುತ್ತಾಳೆ. ಅವಳಿಗೆ ಹೆದರಿಕೆ. "ನಾ ಇದ್ದೀನಲ್ಲ, ಯಾಕ ಅಳ್ತಿ" ಎಂದು ಹೇಳಿದ್ದೇನೆ.

ನಿಮ್ಮ ರತ್ನವ್ವ


ಸ್ಟ್ಯಾನ್ಮೋರ್
17 ಜೂನ್ 2025
(ರತ್ನವ್ವನ ಊರಿನ ವಿಳಾಸಕ್ಕೆ, ಸಿಂದಗಿ ತಾಲ್ಲೂಕು)

ಚಿ. ರತ್ನವ್ವನಿಗೆ ಆಶೀರ್ವಾದಗಳು.

ಅಂತೂ ಊರು ಸೇರಿದೆ. ಅಭಿಜಿತ್ ಬಂದ ಕೂಡಲೇ ನಾನು ಕೇಳಿದ್ದು ಅದನ್ನೇ. ನನ್ನ ಒಳ್ಳೆಯ ಕಿವಿಯ ಹತ್ತಿರ ಬಗ್ಗಿ, "ರತ್ನವ್ವ ಊರಿಗೆ ಹೋದಳಮ್ಮ. ಏರ್‌ಪೋರ್ಟಿಗೆ ನಾನೇ ಬಿಟ್ಟು ಬಂದೆ" ಅಂದ. ಮನಸ್ಸು ಹಗುರವಾಯಿತು. ಅದಕ್ಕೇ ಈ ಕಾಗದ ಊರಿನ ವಿಳಾಸಕ್ಕೆ.

ಇಲ್ಲಿ ಈಗ ಹಗಲು ಮುಗಿಯುವುದೇ ಇಲ್ಲ. ಊಟ ಮುಗಿಸಿ ಪಾತ್ರೆ ತೊಳೆದರೂ ಹಿತ್ತಲಲ್ಲಿ ಬೆಳಕಿರುತ್ತದೆ. ಇಪ್ಪತ್ತೆಂಟು ಡಿಗ್ರಿಗೆ ಜಾಹ್ನವಿ ಸೆಕೆ ಸೆಕೆ ಅಂತ ಫ್ಯಾನ್ ತಂದಿದ್ದಾಳೆ. ನಮಗೆ ನಗು.

ನಿನ್ನೆ ಹನ್ನೊಂದು ಗಂಟೆಗೆ, ತಿಂಡಿಯಾದ ಮೇಲೆ, ಒಂದು ತಮಾಷೆಯಾಯಿತು. ಅಭಿಜಿತ್ ಇಬ್ರಿಯ ಮನೆಗೆ ಈ ವರ್ಷ ಅದೇನೋ ಹೊಸ ಮೇನ್ ಸ್ವಿಚ್ ಹಾಕಿಸಿದ್ದಾನಂತೆ. ಇಲ್ಲಿ ಕೂತು ಫೋನಿನಲ್ಲಿ ಒತ್ತಿದರೆ ಅಲ್ಲಿ ಇಡೀ ಮನೆಯ ಕರೆಂಟ್ ಬಂದ್. "ನೋಡಮ್ಮ, ಇಬ್ರಿ ಮನೆ ನನ್ನ ಅಂಗೈಯಲ್ಲಿದೆ. ಖಾಲಿ ಮನೆಗೆ ಯಾಕೆ ಕರೆಂಟು? ತಗೋ, ನೀನೇ ಒತ್ತು" ಅಂದ. ನಾನು ಕನ್ನಡಕ ಹಾಕಿಕೊಂಡು ಒತ್ತಿದೆ. ಹಸಿರು ಗುಂಡಿ ಬೂದಿ ಬಣ್ಣವಾಯಿತು. ಜಾಹ್ನವಿಯ ಮಗಳು ಚಪ್ಪಾಳೆ ತಟ್ಟಿದಳು. ಸಿರಿಶಾ ಮಾತ್ರ ಎದ್ದು ಅಡುಗೆಮನೆಗೆ ಹೋದಳು. ಪ್ರಯಾಣದ ಆಯಾಸ ಇನ್ನೂ ಇಳಿದಿಲ್ಲ ಅವಳಿಗೆ.

ನಿನ್ನ ಸೌಜನ್ಯಾಳನ್ನು ಗಂಡನ ಮನೆಯಿಂದ ಬೇಗ ಕರೆಸಿಕೋ. ದಿನ ಹತ್ತಿರವಾದ ಮೇಲೆ ಬಸ್ಸು ಕುಲುಕುವುದು ಬೇಡ. ಅವಳೇ ಇದನ್ನು ನಿನಗೆ ಓದಿ ಹೇಳುತ್ತಿದ್ದರೆ: ಸೌಜನ್ಯಾ, ಅವ್ವ ಬಂದಿದ್ದಾಳೆ, ಇನ್ನು ಧೈರ್ಯವಾಗಿರು.

ವತ್ಸಲಾ


ಇಬ್ರಿ
24 ಜೂನ್ 2025

ಅಕ್ಕೋರಿಗೆ ರತ್ನವ್ವನ ಶರಣಾರ್ಥಿ.

ನಾನು ಊರಿಗೆ ಹೋಗಿಲ್ಲ. ಅಣ್ಣಾರು ನಿಮಗೆ ಹೇಳಿರಬಹುದು. ಹೇಳಿರದಿದ್ದರೆ ಗಾಬರಿಯಾಗಬೇಡಿ.

ಹದಿಮೂರನೆಯ ತಾರೀಖು ಎಲ್ಲ ಕೆಲಸ ಮುಗಿಸಿದೆ. ಮೋರಿಗೆ ಎಣ್ಣೆ ಹಾಕಿದೆ. ಟ್ಯಾಂಕ್ ಖಾಲಿ ಮಾಡಿದೆ. ನನ್ನ ಚೀಲವನ್ನೂ ಕಟ್ಟಿ ಬಾಗಿಲಲ್ಲಿ ಇಟ್ಟಿದ್ದೆ. ಆಗ ಅಣ್ಣಾರು ಕರೆದರು.

"ರತ್ನವ್ವ, ನಿನ್ನ ಕಾರ್ಡು ಮಾರ್ಚಿಗೇ ಮುಗಿದಿದೆ. ಹೀಗೇ ಹೋದ್ರೆ ಏರ್‌ಪೋರ್ಟಲ್ಲಿ ಹಿಡೀತಾರೆ. ನಾನು ಸೆಪ್ಟೆಂಬರಲ್ಲಿ ಬಂದು ಎಲ್ಲಾ ಸರಿ ಮಾಡ್ತೀನಿ. ಅಲ್ಲೀವರೆಗೆ ಹಿಂದಿನ ರೂಮಲ್ಲಿ ಇರು."

"ಅಣ್ಣಾರ, ಮಗಳ ಹೆರಿಗಿ ಐತ್ರಿ" ಎಂದೆ.

"ಗೊತ್ತು. ಸೆಪ್ಟೆಂಬರಲ್ಲಿ ಮಗೂನ ನೋಡ್ತೀಯಲ್ಲ."

ಸಿರಿಶಾ ಅಕ್ಕಾರು ಎರಡು ಸೀರೆ ಕೊಟ್ಟರು. ಮುಖ ನೋಡಲಿಲ್ಲ. ದೊಡ್ಡ ಮನೆಗೆ ಬೀಗ ಹಾಕಿಕೊಂಡು ಹೋದರು. ನನ್ನ ಹತ್ತಿರ ಗೇಟಿನ ಬೀಗದ ಕೈ ಇದೆ, ಹಿಂದಿನ ಖೋಲಿ ಇದೆ.

ಹದಿನಾರನೆಯ ತಾರೀಖು ಮಧ್ಯಾಹ್ನ ಎರಡು ಗಂಟೆಗೆ ಫ್ಯಾನ್ ನಿಂತಿತು, ಎಸಿಯೂ ನಿಂತಿತು. ಬೀದಿಯಲ್ಲಿ ಎಲ್ಲರ ಮನೆಯಲ್ಲೂ ಕರೆಂಟ್ ಇತ್ತು. ಫ್ಯೂಜ್ ಹೋಗಿರಬೇಕು. ಸ್ವಿಚ್ಚಿನ ಪೆಟ್ಟಿಗೆ ದೊಡ್ಡ ಮನೆಯ ಒಳಗೆ ಇದೆ. ಪಂಪ್ ನಡೆಯುವುದಿಲ್ಲ, ಹಾಗಾಗಿ ಟ್ಯಾಂಕ್ ತುಂಬುವಂತಿಲ್ಲ. ಗೋಪೀನಾಥ ಅವರು ತಮ್ಮ ಫೋನಿನಿಂದ ಅಣ್ಣಾರಿಗೆ ಮೆಸೇಜ್ ಹಾಕಿದರು. ನೀಲಿ ಗೆರೆ ಬಂತು, ಉತ್ತರ ಬರಲಿಲ್ಲ. ಮಸೀದಿಯ ಹೊರಗಿನ ನಲ್ಲಿಯಿಂದ ನೀರು ತರುತ್ತೇನೆ. ಹಗಲು ಗೋಡೆಯ ನೆರಳಿನಲ್ಲಿ ಕೂರುತ್ತೇನೆ. ನೆರಳು ಸರಿದ ಹಾಗೆ ನಾನೂ ಸರಿಯುತ್ತೇನೆ.

ನನಗೆ ತೊಂದರೆ ಏನಿಲ್ಲ. ಅಣ್ಣಾರಿಗೆ ಒಂದು ಮಾತು ಹೇಳಿ, ಯಾರನ್ನಾದರೂ ಕಳಿಸಿ ಫ್ಯೂಜ್ ಹಾಕಿಸಲಿ. ಸೌಜನ್ಯಾಳಿಗೆ ನಾನು ಉಳಿದುಕೊಂಡದ್ದನ್ನು ಹೇಳಿಲ್ಲ. ಟಿಕೆಟ್ ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಹೇಳಿದ್ದೇನೆ.

ರತ್ನವ್ವ


ಸ್ಟ್ಯಾನ್ಮೋರ್
8 ಜುಲೈ 2025

ಚಿ. ರತ್ನವ್ವನಿಗೆ ಆಶೀರ್ವಾದಗಳು.

ನಿನ್ನ ಕಾಗದ ನಿನ್ನೆ ಬಂತು. ಓದಿ ಸ್ವಲ್ಪ ಹೊತ್ತು ಮೆಟ್ಟಿಲ ಮೇಲೆ ಕೂತಿದ್ದೆ. ನೀನು ಊರಿಗೆ ಹೋಗಿದ್ದೀ ಅಂತ ನಂಬಿ ಹೋದ ತಿಂಗಳು ಅಲ್ಲಿಗೆ ಒಂದು ಕಾಗದ ಬರೆದಿದ್ದೆ. ಅದನ್ನು ನೀನು ಓದಿಲ್ಲ. ಓದದಿದ್ದರೂ ನಷ್ಟವಿಲ್ಲ, ಅದರಲ್ಲಿ ವಿಶೇಷವೇನೂ ಇಲ್ಲ.

ಅಭಿಜಿತ್ ಹಿತ್ತಲಲ್ಲಿ ಹುಲ್ಲು ಕತ್ತರಿಸುತ್ತಿದ್ದ. ಕಾಗದ ಅವನ ಕೈಗೆ ಕೊಟ್ಟೆ. ಮಿಷನ್ ನಿಲ್ಲಿಸಿ ಓದಿದ. ನಾನು ಕೇಳಿದೆ, "ಏರ್‌ಪೋರ್ಟಿಗೆ ಬಿಟ್ಟೆ ಅಂದೆಯಲ್ಲೋ?"

"ನೀನು ಯೋಚನೆ ಮಾಡ್ತೀಯ ಅಂತ ಹಾಗಂದೆ ಅಮ್ಮ. ಎರಡು ತಿಂಗಳ ಮಾತು."

"ಕರೆಂಟು?"

"ಅವಳ ರೂಮು ಬೇರೆ ಲೈನ್ ಅಂದ್ಕೊಂಡಿದ್ದೆ."

ಅಲ್ಲೇ ಫೋನ್ ತೆಗೆದು ಗುಂಡಿ ಒತ್ತಿದ. ನನಗೂ ತೋರಿಸಿದ. ಒಂದು ಚಕ್ರ ತಿರುಗುತ್ತಿತ್ತು. "ಆನ್ ಆಗ್ತಿದೆ" ಅಂದ. ಹಾಗಾಗಿ ಈ ಕಾಗದ ಸೇರುವ ಹೊತ್ತಿಗೆ ನಿನ್ನ ಖೋಲಿ ತಂಪಾಗಿ ಎಷ್ಟೋ ದಿನವಾಗಿರುತ್ತದೆ.

ಇನ್ನೊಂದು ವಿಷಯ, ಇದು ನಿನ್ನಲ್ಲೇ ಇರಲಿ. ಅಭಿಜಿತನಿಗೆ ಕಂಪನಿಯಲ್ಲಿ ತೊಂದರೆಯಿದೆ. ಈಗ ಯಾರಾದರೂ ದೂರು ಗೀರು ಅಂತ ಹೋದರೆ ಅವನಿಗೆ ಇನ್ನೆಲ್ಲೂ ಕೆಲಸ ಸಿಕ್ಕುವುದಿಲ್ಲವಂತೆ. ಅದನ್ನು ಹೇಳುವಾಗ ಅವನ ಕಣ್ಣಲ್ಲಿ ನೀರಿತ್ತು. ಅಪ್ಪ ಹೋದಾಗಲೂ ಅತ್ತವನಲ್ಲ ಅವನು.

ಸೌಜನ್ಯಾಳ ಹೆರಿಗೆಗೆ ನೀನು ಇರಲಾಗುವುದಿಲ್ಲ ಅನ್ನುವುದು ನನಗೂ ನೋವು. ಅವಳ ಅತ್ತೆ ಇದ್ದಾರೆ, ನೋಡಿಕೊಳ್ಳುತ್ತಾರೆ. ನೀನು ಎಲ್ಲಿಗೂ ಹೋಗಬೇಡ, ಯಾರಲ್ಲೂ ಹೇಳಬೇಡ. ಸೆಪ್ಟೆಂಬರ್‌ವರೆಗೆ ಕಾದಿರು. ನೀನು ನನ್ನ ಮಾತು ಮೀರಿದವಳಲ್ಲ, ಈಗಲೂ ಮೀರಬೇಡ.

ವತ್ಸಲಾ


ಇಬ್ರಿ
13 ಜುಲೈ 2025

ಅಕ್ಕೋರಿಗೆ ಶರಣಾರ್ಥಿ.

ನಿಮ್ಮ ಪತ್ರ ಬರಲಿಲ್ಲ. ನನ್ನ ಪತ್ರ ಮುಟ್ಟಿತೋ ಇಲ್ಲೋ ತಿಳಿಯದು. ಇವತ್ತು ಪುಸ್ತಕದ ಹಾಗೆ ಬರೆಯಲು ಆಗುವುದಿಲ್ಲ.

ಕರೆಂಟ್ ಹೋಗಿ ನಾಕು ವಾರ ಆತ್ರಿ. ಒಂದ ಕ್ಷಣನೂ ಬಂದಿಲ್ಲ. ಖೋಲಿ ಒಳಗ ಕಾಲಿಡಾಕ ಆಗೂದಿಲ್ಲ. ಗ್ವಾಡಿ ಮುಟ್ಟಿದ್ರ ಹಂಚು ಮುಟ್ಟಿದಂಗ. ಮೊನ್ನೆ ದೊಡ್ಡ ಮನಿ ಕಿಟಕಿ ಒಂದು ತಗದು ಒಳಗ ನೆರಳಿಗೆ ಹೋಗೂಣು ಅಂತ ನೋಡಿದೆ. ಸಂದಿ ಬಿಡದಂಗ ನಾನ ಟೇಪ್ ಹಚ್ಚೇನಿ, ಒಳಗಿಂದ ಚಿಲಕ ನಾನ ಹಾಕೇನಿ. ಎಷ್ಟ ಛಂದ ಮುಚ್ಚೇನಿ ಅಂದ್ರ ನನಗ ತಗೀಲಿಕ್ಕಾಗಲಿಲ್ಲ.

ಹೋದ ಶುಕ್ರವಾರ ನಲ್ಲಿ ಹತ್ರ ಚಕ್ಕರ ಬಂದು ಬಿದ್ದೆ. ಯಾರೋ ಹೆಣಮಕ್ಕಳು ತಲಿ ಮ್ಯಾಲ ನೀರು ಹಾಕಿ ಎಬ್ಬಿಸಿದ್ರು. ಗೋಪೀನಾಥ ಅವರು ಅಂಗಡಿ ಹಿಂದ ಗೋಣಿಚೀಲದ ಮ್ಯಾಲ ಮಲಗಿಸಿ ಐಸ್ ಕೊಟ್ರು. "ಮಾರಾಯ್ತಿ, ಹೀಗೇ ಆದ್ರೆ ನೀನು ಉಳಿಯುದಿಲ್ಲ" ಅಂದ್ರು. ಅವರ ಅಂಗಡಿಗೆ ಸಾಮಾನು ತರೋ ವ್ಯಾನ್ ಇಪ್ಪತ್ತೆರಡನೇ ತಾರೀಖು ಮಸ್ಕತ್ತಿಗೆ ವಾಪಸ್ ಹೋಗ್ತದಂತ. ಅದರಾಗ ಕೂಡ್ರಿಸಿ ಕಳಸ್ತೀನಿ, ಅಲ್ಲಿ ನಮ್ಮ ದೇಶದ ಕಚೇರಿಯವರು ಇಂಥವರಿಗೆ ಇರಾಕ ಜಾಗ ಕೊಡ್ತಾರ, ಊರಿಗೆ ಕಳಸೂ ದಾರಿ ನೋಡ್ತಾರ ಅಂದ್ರು.

ನಾ ಹೋಗ್ತೀನ್ರಿ ಅಕ್ಕೋರ. ಅಣ್ಣಾರು ಸಿಟ್ಟಾಗ್ತಾರ, ಆಗಲಿ. ಇಪ್ಪತ್ತೆರಡಕ್ಕ ಹೊಂಟ್ರ ಹೆರಿಗಿಗೆ ಮುಟ್ಟದಿದ್ರೂ ಬಾಣಂತನಕ್ಕರ ಮುಟ್ಟತೀನಿ. ನಿಮಗ ತಿಳಿಸಬೇಕು ಅಂತ ಬರದೀನಿ. ನೀವು ಬ್ಯಾಡ ಅನ್ನೂದಿಲ್ಲ ಅಂತ ನನಗ ಗೊತ್ತದ.

ರತ್ನವ್ವ


ಈಸ್ಟ್ ಹ್ಯಾಮ್, ಲಂಡನ್
31 ಜುಲೈ 2025
(ಗೋಪೀನಾಥರ ಮೂಲಕ, ಆಸ್ಪತ್ರೆಗೆ)

ಪ್ರೀತಿಯ ರತ್ನವ್ವ,

ನಿನ್ನ ಕಾಗದ ಮೊನ್ನೆ ಮಂಗಳವಾರ ಬಂತು. ಮೊದಲ ಸಲ ಓದಿದಾಗ ನನಗೆ ಅನ್ನಿಸಿತು, ಸದ್ಯ, ಇಪ್ಪತ್ತೆರಡು ದಾಟಿದೆ, ನೀನು ಮಸ್ಕತ್ತಿನಲ್ಲಿದ್ದೀ. ಆಮೇಲೆ ಮತ್ತೆ ಓದಿದೆ. ಕರೆಂಟ್ ಒಂದು ಕ್ಷಣವೂ ಬಂದಿಲ್ಲ ಅಂತ ಬರೆದಿದ್ದೆ. ಅಭಿಜಿತ್ ನನ್ನ ಕಣ್ಣ ಮುಂದೆ ಗುಂಡಿ ಒತ್ತಿದ್ದ.

ಮನೆಯಲ್ಲಿ ಯಾರಿಗೂ ಹೇಳದೆ ಹೊರಟೆ. ಸ್ಟ್ಯಾನ್ಮೋರ್ ಟ್ಯೂಬ್ ರೈಲಿನ ಕೊನೆಯ ಸ್ಟೇಷನ್. ಅಲ್ಲಿ ಹತ್ತಿ, ವೆಸ್ಟ್ ಹ್ಯಾಮಿನಲ್ಲಿ ಬದಲಾಯಿಸಿ, ಈಸ್ಟ್ ಹ್ಯಾಮಿಗೆ ಬಂದೆ. ಇಲ್ಲಿ ಸೀರೆ ಅಂಗಡಿಯಲ್ಲಿ ಕೆಲಸ ಮಾಡುವ ಶಿವಕ್ಕ ಅಂತ ಇದ್ದಾಳೆ. ವಿಜಯಪುರದವಳು, ನಿನ್ನ ಹಾಗೇ ನನ್ನನ್ನು ಅಕ್ಕೋರು ಅನ್ನುತ್ತಾಳೆ. ಯುಗಾದಿ ಕೂಟದಲ್ಲಿ ಪರಿಚಯವಾಗಿತ್ತು. ಫೋನಿನಲ್ಲಿ ನನ್ನ ಪರವಾಗಿ ಮಾತಾಡುವವರು ನನಗೆ ಬೇರೆ ಯಾರೂ ಇರಲಿಲ್ಲ.

ಕಾಗದಗಳನ್ನು ಅವಳಿಗೆ ಕೊಟ್ಟೆ. ನಿಂತಲ್ಲೇ ಓದಿದಳು. "ಕರೆಂಟೇ ಇಲ್ಲದ ಮನಿಗೆ ಇಂಟರ್ನೆಟ್ ಎಲ್ಲಿಂದ ಬರ್ತದ್ರಿ? ಇಲ್ಲಿಂದ ಬಂದ್ ಮಾಡಬಹುದು, ಚಾಲೂ ಮಾಡಾಕ ಆಗೂದಿಲ್ಲ. ನಿಮ್ಮ ಮಗ ಇಂಜಿನಿಯರ ಅಲ್ಲೇನು, ಅವರಿಗೆ ಗೊತ್ತಿಲ್ಲೇನು?" ಅಂದಳು. ಇನ್ನೊಂದನ್ನೂ ಕೇಳಿದಳು. ಕಿವಿಗೆ ಬಾಯಿಟ್ಟು, ಮೆಲ್ಲಗೆ. "ಏಳನೇ ತಾರೀಖಿಗೆ ನಿಮಗ ಗೊತ್ತಾಗಿತ್ತು. ಮೂರು ವಾರ ಏನ ಮಾಡಿದ್ರಿ ಅಕ್ಕೋರ?"

ಅಂಗಡಿಯ ನಂಬರು ಬರೆದ ಚೀಟಿ ಅವಳ ಕೈಗಿಟ್ಟೆ. ಆಮೇಲೆ ಅವಳು ಗೋಪೀನಾಥರಿಗೆ ಫೋನ್ ಮಾಡಿದಳು. ಇಪ್ಪತ್ತಾರನೆಯ ತಾರೀಖು ನೀನು ಗೇಟಿನೊಳಗೆ ಪ್ರಜ್ಞೆ ತಪ್ಪಿ ಬಿದ್ದಿದ್ದೆಯಂತೆ, ಐದು ದಿನದಿಂದ ಆಸ್ಪತ್ರೆಯಲ್ಲಿ ಇದ್ದೀಯಂತೆ. ಇಪ್ಪತ್ತೆರಡಕ್ಕೆ ನೀನು ಯಾಕೆ ಹೊರಡಲಿಲ್ಲ ರತ್ನವ್ವ? ವ್ಯಾನ್ ಬರಲಿಲ್ಲವೇ? ಏಳುವಷ್ಟು ಶಕ್ತಿ ಇರಲಿಲ್ಲವೇ?

ಒಂದು ಸತ್ಯ ನಿನಗೆ ಹೇಳಬೇಕು. ಜೂನ್ ಹದಿನಾರರ ಮಧ್ಯಾಹ್ನ ನಿನ್ನ ಫ್ಯಾನ್ ನಿಲ್ಲಿಸಿದ್ದು ಫ್ಯೂಜ್ ಅಲ್ಲ. ನಾನು. ಅಭಿಜಿತ್ ಫೋನ್ ಕೈಗಿಟ್ಟು ಒತ್ತು ಅಂದ. ಒತ್ತಿದೆ. ಮನೆ ಖಾಲಿ ಅಂತ ನಂಬಿದ್ದೆ. ಗೊತ್ತಾದ ಮೇಲೂ ನಿನಗೆ ಬರೆಯಲು ಕೈ ಬರಲಿಲ್ಲ.

ಇವತ್ತು ಬೆಳಿಗ್ಗೆ ಮಸ್ಕತ್ತಿನ ನಮ್ಮ ರಾಯಭಾರ ಕಚೇರಿಗೂ ಅಲ್ಲಿನ ಕಾರ್ಮಿಕ ಇಲಾಖೆಗೂ ದೂರು ಬರೆದು ಸಹಿ ಹಾಕಿದೆ. ನೌಕರಿಗಿಟ್ಟುಕೊಂಡವರ ಹೆಸರು ಅನ್ನುವ ಜಾಗದಲ್ಲಿ ಮಗನ ಹೆಸರು ಬರೆದೆ. ನಿನ್ನ ಕೊನೆಯ ಎರಡು ಕಾಗದಗಳನ್ನೂ ಜೊತೆಗೆ ಕಳಿಸಿದೆ. ಶಿವಕ್ಕನೇ ಕಂಪ್ಯೂಟರಿನಲ್ಲಿ ಎಲ್ಲ ಮಾಡಿದಳು. ಇನ್ನು ನಿನ್ನನ್ನು ಯಾರೂ ಕಾಯಿಸುವುದಿಲ್ಲ.

ವತ್ಸಲಾ


ಈಸ್ಟ್ ಹ್ಯಾಮ್
21 ಸೆಪ್ಟೆಂಬರ್ 2025
(ಸಿಂದಗಿ ತಾಲ್ಲೂಕಿನ ವಿಳಾಸಕ್ಕೆ)

ಪ್ರೀತಿಯ ರತ್ನವ್ವ,

ಆಗಸ್ಟ್ ಮೂವತ್ತಕ್ಕೆ ನೀನು ವಿಮಾನ ಹತ್ತಿದೆ ಅಂತ ಗೋಪೀನಾಥರು ಶಿವಕ್ಕನಿಗೆ ಮೆಸೇಜ್ ಮಾಡಿದ್ದರು. ಅದರ ಮೇಲೆ ಅವರೂ ಏನೂ ಹೇಳಲಿಲ್ಲ. ಹೇಗಿದ್ದೀಯೆ ಅಂತ ಕೇಳಿಸಿದರೆ, "ಅವಳೇ ಬರೀತಾಳೆ" ಅನ್ನುತ್ತಾರೆ. ಆಸ್ಪತ್ರೆಗೆ ಬರೆದದ್ದಕ್ಕೂ ಉತ್ತರವಿಲ್ಲ. ನಿನ್ನ ಸಿಟ್ಟು ನ್ಯಾಯವೇ.

ನನ್ನ ಸುದ್ದಿ ಹೇಳುತ್ತೇನೆ. ಅಭಿಜಿತನ ಕೆಲಸ ಏಪ್ರಿಲಿನಲ್ಲೇ ಹೋಗಿತ್ತಂತೆ. ಅವರು ಇಬ್ರಿಗೆ ವಾಪಸ್ ಹೋಗುವ ಯೋಚನೆಯಲ್ಲೇ ಇರಲಿಲ್ಲ. ಮನೆ ಮುಚ್ಚಿಸಿದ್ದು ಬೇಸಿಗೆಗಲ್ಲ, ಪೂರ್ತಿಯಾಗಿ. ಅದು ಸಿರಿಶಾಳಿಗೆ ಗೊತ್ತಿತ್ತು. ದೂರಿನ ವಿಚಾರಣೆಗೆ ಅವನು ಆಗಸ್ಟಿನಲ್ಲಿ ಮಸ್ಕತ್ತಿಗೆ ಹೋಗಲೇಬೇಕಾಯಿತು. ಹೊರಡುವಾಗ ನನ್ನ ಕಾಲಿಗೆ ನಮಸ್ಕಾರ ಮಾಡಲಿಲ್ಲ. ಹುಟ್ಟಿದಾಗಿನಿಂದ ಅದೇ ಮೊದಲು. ಜಾಹ್ನವಿ ನನ್ನ ಎದುರು ಕೂತು ಕಾಗದದ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು ತೋರಿಸಿದಳು: "ಸ್ವಂತ ಮಗನ ಮೇಲೆ ದೂರು ಕೊಡೋ ಮೊದಲು ನನ್ನನ್ನ ಒಂದು ಮಾತು ಕೇಳಬಹುದಿತ್ತು." ಅವಳ ಮನೆಯಲ್ಲಿ ಆಮೇಲೆ ನನಗಾಗಿ ಯಾರೂ ಬರೆದು ತೋರಿಸಲಿಲ್ಲ. ಬರೆಯದಿದ್ದರೆ ನನಗೆ ಏನೂ ಕೇಳುವುದಿಲ್ಲ ಅನ್ನುವುದು ಅವರಿಗೆ ಗೊತ್ತಿದೆ. ಈಗ ಶಿವಕ್ಕನ ಮನೆಯ ಮೇಲಿನ ಒಂದು ರೂಮಿನಲ್ಲಿದ್ದೇನೆ. ಕೆಳಗೆ ಬೀದಿ ತುಂಬ ಜನ. ಎಪ್ಪತ್ತೊಂದನೆಯ ವಯಸ್ಸಿನಲ್ಲಿ ನನಗೆ ನಾನೇ ಅನ್ನ ಮಾಡಿಕೊಳ್ಳುತ್ತೇನೆ.

ದೂರಿಗಾಗಿ ಹೇಳುತ್ತಿಲ್ಲ ಇದನ್ನು. ಆದರೂ ನಿನಗೆ ಗೊತ್ತಿರಲಿ ಅನ್ನಿಸುತ್ತದೆ, ನಾನು ಸುಮ್ಮನೆ ಕೂರಲಿಲ್ಲ ಅಂತ.

ನೀನು ಊರು ಮುಟ್ಟಿದೆ, ಅದು ದೊಡ್ಡದು. ಈಗ ನಿನ್ನ ಮನೆ ತುಂಬ ಸಂಭ್ರಮ ಇರಬೇಕು. ಸೌಜನ್ಯಾಳಿಗೆ ಗಂಡೋ ಹೆಣ್ಣೋ? ಏನು ಹೆಸರಿಟ್ಟಿರಿ? ಎರಡು ಸಾಲು ಬರೆ. ಕೆಂಪು ಗೆರೆ ಹಾಕುವುದಿಲ್ಲ.

ವತ್ಸಲಾ


ಸಿಂದಗಿ ತಾಲ್ಲೂಕು
14 ಅಕ್ಟೋಬರ್ 2025

ಅಕ್ಕೋರಿಗೆ ರತ್ನವ್ವನ ಶರಣಾರ್ಥಿ.

ಈ ಪತ್ರವನ್ನು ಮೂರು ಸಲ ಹರಿದು, ನಾಲ್ಕನೆಯ ಸಲ ಬರೆಯುತ್ತಿದ್ದೇನೆ. ನೀವು ಕಲಿಸಿದ ಹಾಗೆ, ಪುಸ್ತಕದಲ್ಲಿ ಇರುವ ಹಾಗೆ ಬರೆಯುತ್ತೇನೆ. ನನ್ನ ಮಾತಿನಲ್ಲಿ ಬರೆದರೆ ಮುಗಿಸಲು ಆಗುವುದಿಲ್ಲ.

ನೀವು ಜೂನ್ ತಿಂಗಳಲ್ಲಿ ಊರಿಗೆ ಬರೆದ ಪತ್ರ ಸೌಜನ್ಯಾಳ ಕೈ ಸೇರಿತ್ತು. ಅವ್ವ ಬಂದಿದ್ದಾಳೆ, ಧೈರ್ಯವಾಗಿರು ಎಂದು ಅದರಲ್ಲಿ ಇತ್ತು. ಅವಳು ಫೋನಿನಲ್ಲಿ ಕೇಳಿದಾಗ ನಾನು ಕೂಡ, "ಬಂದೆ, ದಾರ್‍ಯಾಗ ಅದೀನಿ, ಟಿಕೆಟ್ ಆಗ್ಯಾವ" ಎಂದು ಸುಳ್ಳು ಹೇಳಿದೆ. ಅವಳು ಅತ್ತೆಗೆ ಹೇಳಿ ನಮ್ಮ ಮನೆಗೆ ಬಂದು, ಬೀಗ ತೆಗೆದು, ಒಬ್ಬಳೇ ಇದ್ದಳು. ನನ್ನ ಅಳಿಯ ಲಾರಿಯಲ್ಲಿ ಗುಜರಾತಿಗೆ ಹೋಗಿದ್ದ. ಅತ್ತೆಯವರು ಕರೆಯಲು ಬಂದಾಗ, "ನಮ್ಮವ್ವ ನಾಳೆ ಬರ್ತಾಳ" ಎಂದು ಹೇಳಿ ಕಳಿಸಿದಳಂತೆ. ಎರಡು ಸಲ ಕಳಿಸಿದಳಂತೆ. ಮೂರನೆಯ ಸಲ ಅವರು ಬರಲಿಲ್ಲ.

ಜುಲೈ ಇಪ್ಪತ್ನಾಲ್ಕಕ್ಕೆ ತಾಲ್ಲೂಕಿನ ಆಸ್ಪತ್ರೆಯಲ್ಲಿ ಹೆಣ್ಣು ಮಗು ಹುಟ್ಟಿತು. ಪಕ್ಕದ ಮನೆಯ ಶಾಂತಪ್ಪನ ಹೆಂಡತಿ ಜೊತೆಗೆ ಹೋಗಿದ್ದಳು. ಮೂರನೆಯ ದಿನ ಮನೆಗೆ ಬಂದರು. ಆರನೆಯ ದಿನ ಜ್ವರ ಬಂತು. ಶಾಂತಪ್ಪನ ಹೆಂಡತಿ ಹೊಲದ ಕೆಲಸಕ್ಕೆ ಹೋಗುವವಳು, ಬೆಳಿಗ್ಗೆ ಸಂಜೆ ಬಂದು ನೋಡುತ್ತಿದ್ದಳು. ಹಾಲು ಕಟ್ಟಿದ ಜ್ವರ, ಇಳಿಯುತ್ತದೆ ಎಂದುಕೊಂಡಳು. ಅವಳಿಗೆ ಮಕ್ಕಳಿಲ್ಲ, ಅವಳಿಗೆ ಹೇಗೆ ಗೊತ್ತಾಗಬೇಕು? ನಾನು ಇದ್ದಿದ್ದರೆ ಮೈ ಮುಟ್ಟಿದ ಕೂಡಲೇ ತಿಳಿಯುತ್ತಿತ್ತು. ಸೌಜನ್ಯಾ ಹುಟ್ಟಿದಾಗ ನನಗೂ ಅದೇ ಜ್ವರ ಬಂದಿತ್ತು. ನನ್ನ ಅವ್ವ ಎತ್ತಿನ ಗಾಡಿಯಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದ್ದಳು.

ಆಗಸ್ಟ್ ಐದಕ್ಕೆ ಸೌಜನ್ಯಾ ತೀರಿಕೊಂಡಳು. ನಾನು ಆಗ ಇಬ್ರಿಯ ಆಸ್ಪತ್ರೆಯಲ್ಲಿ ಇದ್ದೆ. ಗೋಪೀನಾಥ ಅವರಿಗೆ ಸುದ್ದಿ ಬಂದಿತ್ತು. ನನಗೆ ಹೇಳಿದ್ದು ವಿಮಾನ ಹತ್ತುವ ದಿನ, ಕಾರಿನಲ್ಲಿ. ಹೇಳಿ, ಅವರು ಕಾರು ನಿಲ್ಲಿಸಿ ಅತ್ತರು. ನನಗೆ ಅಳು ಬರಲಿಲ್ಲ. ಇನ್ನೂ ಸರಿಯಾಗಿ ಬಂದಿಲ್ಲ.

ಇಪ್ಪತ್ತೆರಡಕ್ಕೆ ಯಾಕೆ ಹೋಗಲಿಲ್ಲ ಎಂದು ಕೇಳಿದ್ದೀರಿ. ವ್ಯಾನ್ ಬಂದಿತ್ತು. ನನ್ನ ಚೀಲವನ್ನು ಗೋಪೀನಾಥ ಅವರು ಹಿಂದಿನ ಸೀಟಿನಲ್ಲಿ ಇಟ್ಟಿದ್ದರು. ಏಳುವ ಶಕ್ತಿಯೂ ಇತ್ತು. ಆದರೆ ಹಿಂದಿನ ದಿನ ಸಂಜೆ ನಿಮ್ಮ ಪತ್ರ ಬಂದಿತ್ತು. ಎಲ್ಲಿಗೂ ಹೋಗಬೇಡ, ಯಾರಲ್ಲೂ ಹೇಳಬೇಡ, ಸೆಪ್ಟೆಂಬರ್‌ವರೆಗೆ ಕಾದಿರು, ನನ್ನ ಮಾತು ಮೀರಬೇಡ ಎಂದು ಬರೆದಿದ್ದಿರಿ. ಖೋಲಿ ತಂಪಾಗಿದೆ ಎಂದೂ ಬರೆದಿದ್ದಿರಿ. ನಾನು ಓದಿ ಹೋಗಿ ಫ್ಯಾನ್ ನೋಡಿದೆ. ಅದು ನಿಂತಿತ್ತು. ಆದರೂ ಅಕ್ಕೋರು ಬರೆದಿದ್ದಾರೆ, ಇವತ್ತಲ್ಲ ನಾಳೆ ಬರುತ್ತದೆ ಎಂದುಕೊಂಡೆ. ಬೆಳಿಗ್ಗೆ ಚೀಲ ಇಳಿಸಿಕೊಂಡೆ. ಗೋಪೀನಾಥ ಅವರು ಬೈದರು. ನಮ್ಮ ಅಕ್ಕೋರು ಹೇಳಿದ ಮೇಲೆ ಮುಗಿಯಿತು ಎಂದೆ.

ನೀವು ಗುಂಡಿ ಒತ್ತಿದ್ದಕ್ಕೆ ನನಗೆ ಸಿಟ್ಟಿಲ್ಲ. ನಿಮಗೆ ಗೊತ್ತಿರಲಿಲ್ಲ. ಮಗನ ಮೇಲೆ ದೂರು ಕೊಟ್ಟಿರಿ, ಅದೂ ಸಣ್ಣ ಮಾತಲ್ಲ. ಸೌಜನ್ಯಾ ಸತ್ತಿದ್ದನ್ನು ನಿಮ್ಮೊಬ್ಬರ ಮೇಲೆ ಹಾಕುವುದಿಲ್ಲ. ಸುಳ್ಳು ನಾನೂ ಹೇಳಿದೆ. ಅವಳು ಕೊನೆಯ ದಿನವೂ ಬಸ್ಸಿನ ಸದ್ದಾದರೆ ಬಾಗಿಲ ಕಡೆ ನೋಡುತ್ತಿದ್ದಳಂತೆ.

ಮಗು ನನ್ನ ಹತ್ತಿರ ಇದೆ. ನನಗೆ ಇನ್ನೂ ಮೊದಲಿನ ಬಲ ಬಂದಿಲ್ಲ, ಎತ್ತಿಕೊಂಡು ಬಹಳ ಹೊತ್ತು ನಿಲ್ಲಲು ಆಗುವುದಿಲ್ಲ, ಕುಳಿತೇ ಆಡಿಸುತ್ತೇನೆ. ಹೆಸರು ಇಟ್ಟಿಲ್ಲ. ಅಳಿಯ ಬಂದು ನೋಡಿ ಹೋಗುತ್ತಾನೆ.

ಒಂದು ಮಾತು ಕೇಳಿಕೊಳ್ಳುತ್ತೇನೆ. ಇನ್ನು ನನಗೆ ಬರೆಯಬೇಡಿ. ಹೋದ ವಾರ ಪೋಸ್ಟಿನವನು ನಿಮ್ಮ ಪತ್ರ ಕೊಟ್ಟಾಗ ಮಗು ಹಸಿದು ಅಳುತ್ತಿತ್ತು. ಅದನ್ನು ಹಾಗೆಯೇ ನೆಲದ ಮೇಲೆ ಬಿಟ್ಟು, ಕೈ ತೊಳೆದುಕೊಂಡು ಬಂದು, ಮೊದಲು ನಿಮ್ಮ ಪತ್ರ ಓದಿದೆ. ಓದಿ ಮುಗಿಸಿದ ಮೇಲೆ ನನಗೆ ನನ್ನ ಮೇಲೆಯೇ ಹೆದರಿಕೆಯಾಯಿತು. ನಿಮ್ಮ ಅಕ್ಷರ ಕಂಡರೆ ಈಗಲೂ ನೀವು ಹೇಳಿದ ಹಾಗೆಯೇ ಕೇಳುತ್ತೇನೆ ಅಕ್ಕೋರೆ.

ರತ್ನವ್ವ